ರಾಡ್ ಹಿಡಿದರೆ ಗಂಟೆ ನೋಡಿ

ಮಾದರಿ ರೈಲಿನ ಉಗಿ ಎಂಜಿನ್ ನಿಧಾನಗತಿಯಲ್ಲಿ ತಡವರಿಸಿದರೆ ಎಲ್ಲರ ಅನುಮಾನವೂ ಮೊದಲು ಮೋಟರಿನ ಮೇಲೆ. ಬ್ರಷ್ ಬದಲಾಯಿಸುತ್ತಾರೆ, ಹಳಿ ಉಜ್ಜುತ್ತಾರೆ, ಕಂಟ್ರೋಲರನ್ನು ಬೈಯುತ್ತಾರೆ. ಆದರೆ ತಡವರಿಕೆ ಚಕ್ರದ ಸುತ್ತು ಸುತ್ತಿಗೂ ಅದೇ ಜಾಗದಲ್ಲಿ ಬರುತ್ತಿದ್ದರೆ ಮೋಟರು ನಿರಪರಾಧಿ. ದೊಡ್ಡ ಚಕ್ರಗಳನ್ನು ಒಂದಕ್ಕೊಂದು ಜೋಡಿಸಿರುವ ಕಪ್ಲಿಂಗ್ ರಾಡ್ ಎಲ್ಲೋ ಹಿಡಿಯುತ್ತಿದೆ. ಅದು ಗೊತ್ತಾದ ಕೂಡಲೇ ರೀಮರ್ ತಗೊಂಡು ರಾಡಿನ ತೂತು ಅಗಲಿಸುವವರೇ ಹೆಚ್ಚು. ನನ್ನ ತಕರಾರು ಅಲ್ಲೇ. ತೂತು ಅಗಲಿಸಿದರೆ ಎಂಜಿನ್ ಓಡುತ್ತದೆ, ಸುಳ್ಳಲ್ಲ. ಆದರೆ ರಾಡು ಲೊಡಲೊಡ ಅನ್ನುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ.

ಚಕ್ರಗಳನ್ನು ಸರಪಳಿಯ ಬದಲು ರಾಡಿನಿಂದ ಜೋಡಿಸಿದ ಮೊದಲ ರೈಲು ಎಂಜಿನ್ 1825ರ ‘ಲೋಕೋಮೋಷನ್’, ಇಂಗ್ಲೆಂಡಿನ ಸ್ಟಾಕ್ಟನ್–ಡಾರ್ಲಿಂಗ್ಟನ್ ಹಳಿಯದು. ರಾಡಿಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯ ಇದೆ. ರಾಡನ್ನು ಚಕ್ರಕ್ಕೆ ಸೇರಿಸುವ ಕ್ರ್ಯಾಂಕ್ ಪಿನ್ ಆಕ್ಸಲುಗಳ ನೇರಕ್ಕೆ ಬಂದಾಗ, ಅಂದರೆ ಡೆಡ್ ಸೆಂಟರಿನಲ್ಲಿ, ಅದು ಚಕ್ರವನ್ನು ತಿರುಗಿಸಲಾರದು. ಅದಕ್ಕೇ ಎಡಬದಿಯ ಪಿನ್ನಿಗೂ ಬಲಬದಿಯ ಪಿನ್ನಿಗೂ ಕಾಲು ಸುತ್ತಿನ ಅಂತರ ಇಡುತ್ತಾರೆ. ಒಂದು ಬದಿ ಸೋತಾಗ ಇನ್ನೊಂದು ಬದಿ ಎಳೆಯುತ್ತದೆ. ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋದಾಗ ಯಾವುದಾದರೂ ಉಗಿ ಎಂಜಿನ್ನಿನ ಒಂದು ಬದಿಯ ಪಿನ್ ನೋಡಿಕೊಂಡು, ಸುತ್ತಿ ಬಂದು ಇನ್ನೊಂದು ಬದಿ ನೋಡಿ, ತಿಳಿಯುತ್ತದೆ. ಈ ಕಾಲು ಸುತ್ತಿನ ಹೊಂದಿಕೆಗೇ ಕ್ವಾರ್ಟರಿಂಗ್ ಅನ್ನುವುದು.

ಎಚ್‌ಒ ಮಾದರಿಯಲ್ಲಿ ಎಲ್ಲವೂ 87ನೇ ಒಂದು ಪಾಲು. 28 ಇಂಚು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಕ್ಸಲ್ ನಡುವಿನಿಂದ ಪಿನ್ನಿಗೆ 14 ಇಂಚು. ಮಾದರಿಯಲ್ಲಿ ಅದು 4 ಮಿಲಿಮೀಟರು ಚಿಲ್ಲರೆ. ಆ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಪಿನ್ ಸರಿಯುವುದು 0.07 ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ರಾಡಿಗೆ ಗೊತ್ತಾಗುತ್ತದೆ. ತಮಾಷೆ ಏನೆಂದರೆ ಕೋನ 90 ಡಿಗ್ರಿಯೇ ಆಗಬೇಕೆಂದಿಲ್ಲ. ಎಲ್ಲ ಆಕ್ಸಲುಗಳೂ 88ಕ್ಕೆ ನಿಂತಿದ್ದರೂ ಎಂಜಿನ್ ಬೆಣ್ಣೆಯ ಹಾಗೆ ಓಡುತ್ತದೆ. ಎರಡು 90ಕ್ಕಿದ್ದು ಮೂರನೆಯದು 88 ಆದರೆ ಮಾತ್ರ ಜಗಳ.

ಪರೀಕ್ಷೆಗೆ ಮೊದಲು ಮೋಟರನ್ನೋ ಅದರ ವರ್ಮ್ ಗೇರನ್ನೋ ಬಿಚ್ಚಿಡಬೇಕು. ವರ್ಮ್ ಕಚ್ಚಿಕೊಂಡಿರುವ ತನಕ ಚಕ್ರ ಕೈಯಲ್ಲಿ ತಿರುಗುವುದಿಲ್ಲ. ಆಮೇಲೆ ಚಾಸಿಯನ್ನು ಹಳಿಯ ತುಂಡಿನ ಮೇಲಿಟ್ಟು ಒಂದೇ ಬೆರಳಲ್ಲಿ ಮೆಲ್ಲಗೆ ತಳ್ಳಿ, ಎಲ್ಲಿ ಬಿಗಿಯುತ್ತದೆ ಅನ್ನುವುದನ್ನು ಗಮನಿಸಿ. ಚಕ್ರವನ್ನು ಗಡಿಯಾರ ಅಂದುಕೊಳ್ಳಿ. ಯಾವುದಾದರೂ ಬದಿಯ ಪಿನ್ ಮೂರಕ್ಕೋ ಒಂಬತ್ತಕ್ಕೋ ಬಂದಾಗ ಹಿಡಿದರೆ, ರಾಡಿನ ತೂತುಗಳ ಅಂತರಕ್ಕೂ ಆಕ್ಸಲುಗಳ ಅಂತರಕ್ಕೂ ತಾಳೆ ಇಲ್ಲ. ಅಲ್ಲಿ ಸಲೀಸಾಗಿ ದಾಟಿ ಒಂದೂವರೆ, ನಾಲ್ಕೂವರೆಯ ಆಸುಪಾಸಿನಲ್ಲಿ ಬಿಗಿದರೆ ಕ್ವಾರ್ಟರಿಂಗ್ ತಪ್ಪಿದೆ, ಏಕೆಂದರೆ ಎರಡೂ ಬದಿಯ ರಾಡುಗಳು ಒಟ್ಟಿಗೆ ಹಟ ಹಿಡಿಯುವುದು ಅಲ್ಲೇ. ಪ್ರತಿ ಸುತ್ತಿಗೂ ಒಮ್ಮೆ ಟಕ್ ಅಂದರೆ ಪಿನ್ನಿನ ತಲೆ ಕ್ರಾಸ್‌ಹೆಡ್ಡಿಗೆ ತಗಲುತ್ತಿದೆಯೋ ನೋಡಿ. ಸುತ್ತಿನುದ್ದಕ್ಕೂ ಒಂದೇ ಸಮ ಬಿಗಿ ಇದ್ದರೆ ರಾಡಿನ ತಪ್ಪಲ್ಲ. ಹಳೆಯ ಎಣ್ಣೆ ಅಂಟಾಗಿದೆ, ತೊಳೆಯಿರಿ.

ದೋಷ ಯಾವ ಆಕ್ಸಲಿನದು ಅಂತ ಹುಡುಕುವುದಕ್ಕೆ ಜೋಡಿ ಜೋಡಿಯಾಗಿ ನೋಡುವುದೇ ದಾರಿ. ಗೇರ್ ಇರುವ ಆಕ್ಸಲನ್ನು ಆಧಾರ ಮಾಡಿಕೊಂಡು ಅದಕ್ಕೆ ಒಂದೇ ಒಂದು ಪಕ್ಕದ ಆಕ್ಸಲನ್ನು ಎರಡೂ ಬದಿಯ ರಾಡಿನಿಂದ ಕಟ್ಟಿ ತಳ್ಳಿ. ಸರಿ ಇದ್ದರೆ ಮುಂದಿನದು. ಕೆಟ್ಟದ್ದು ಸಿಕ್ಕಮೇಲೆ ಅದರ ಒಂದು ಚಕ್ರವನ್ನು ಬಿಗಿ ಹಿಡಿದು ಎದುರಿನದನ್ನು ಕೂದಲೆಳೆಯಷ್ಟು ತಿರುಚಬೇಕು. ಬಿಗಿ ಹೆಚ್ಚಾಯಿತೇ, ಆಚೆ ಕಡೆಗೆ ತಿರುಚಿ. ಕ್ವಾರ್ಟರಿಂಗ್ ಜಿಗ್ ಇದ್ದರೆ ಕೆಲಸ ಹಗುರ. ಗೇರಿನ ಆಕ್ಸಲನ್ನು ಮಾತ್ರ ಮುಟ್ಟಬೇಡಿ. ಅಳತೆಗೋಲನ್ನೇ ಬದಲಾಯಿಸುತ್ತ ಹೋದರೆ ರಾತ್ರಿ ಊಟಕ್ಕೂ ಏಳಲಾಗುವುದಿಲ್ಲ.

ಮುಂದಕ್ಕೆ ಸಲೀಸು, ಹಿಂದಕ್ಕೆ ಬಿಗಿ ಎಂಬ ಕೇಸುಗಳೂ ಬರುತ್ತವೆ. ಆಗ ಆಕ್ಸಲ್ ಕೂರುವ ತೋಡಿನಲ್ಲಿ ಸಡಿಲವಿದೆಯೇ ನೋಡಿ: ದಿಕ್ಕು ಬದಲಾದ ಹಾಗೆ ಆಕ್ಸಲ್ ಹಿಂದುಮುಂದು ಜರುಗಿ ಅಂತರವೇ ಬದಲಾಗುತ್ತಿರುತ್ತದೆ. ಇಷ್ಟೆಲ್ಲ ಆದಮೇಲೂ ಮೂರು–ಒಂಬತ್ತರಲ್ಲಿ ತುಸು ಬಿಗಿ ಉಳಿದರೆ ರೀಮರ್ ತಗೊಳ್ಳಿ, ನನ್ನ ಅಭ್ಯಂತರವಿಲ್ಲ. ಒಂದು ತೂತಿಗೆ ಒಂದೆರಡು ತಿರುವು, ಮತ್ತೆ ತಳ್ಳಿ ನೋಡುವುದು.

ಪಿನ್ ಸ್ಕ್ರೂ ಬಿಗಿಸಿದಮೇಲೂ ರಾಡು ಉಗುರಿನಿಂದ ದೂಡಿದರೆ ಪಕ್ಕಕ್ಕೆ ಕೊಂಚ ಸರಿಯಬೇಕು. ಚಾಸಿ ತನ್ನ ಭಾರಕ್ಕೇ ಸಣ್ಣ ಇಳಿಜಾರಿನಲ್ಲಿ ಉರುಳಿಕೊಂಡು ಹೋಗುವ ತನಕ ಮೋಟರ್ ಕೂರಿಸಬೇಡಿ. ಮೇನ್ ರಾಡು, ವಾಲ್ಷಾರ್ಟ್ಸ್ ವಾಲ್ವ್ ಗೇರು ಅದರ ನಂತರ, ಒಂದೊಂದೇ ಬದಿ. ರಿಟರ್ನ್ ಕ್ರ್ಯಾಂಕಿನ ಕಿತಾಪತಿಗಳನ್ನು ಮುಂದಿನ ವಾರ ನೋಡೋಣ.