ಒಂದು ಉಪಮೆಯ ವಿಚಾರ

ಯಾವುದೊಂದು ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಮುಂಚೆ, ಅದನ್ನು ನುಡಿದವರು ಯಾರು, ಕೇಳಿದವರು ಯಾರು, ಪ್ರಕರಣವೇನು ಎಂಬುದನ್ನು ವಿಚಾರಿಸತಕ್ಕದ್ದೆಂದು ನಮ್ಮ ಶಾಸ್ತ್ರಕಾರರು ವಿಧಿಸಿರುವರು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತ ಈ ಪಾಠವು ಮುಪ್ಪಿನಲ್ಲಿ ಒಬ್ಬ ಕ್ರೈಸ್ತ ಮಿತ್ರರ ಸಂಕಟಕ್ಕೆ ಉಪಯೋಗವಾದೀತೆಂದು ನಾನು ಎಣಿಸಿರಲಿಲ್ಲ.

ಮಿತ್ರರು ಹಲಸೂರಿನವರು, ನನ್ನೊಡನೆ ಬಹುಕಾಲ ಉಪಾಧ್ಯಾಯರಾಗಿದ್ದವರು, ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಉತ್ಸವವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರ ಮಗಳು ಹಿಂದೂ ತರುಣನೊಬ್ಬನನ್ನು ವರಿಸಿದಾಗ ಇವರು ವಿವಾಹಕ್ಕೆ ಹೋಗಲಿಲ್ಲ. ಅನಂತರ ಅವಳ ಮನೆಯ ಹೊಸಲನ್ನೂ ತುಳಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವರು ವೃತ್ತಪತ್ರಿಕೆಯ ತುಣುಕೊಂದನ್ನು ನನ್ನ ಮುಂದಿಟ್ಟು, "ಶಾಸ್ತ್ರಿಗಳೇ, ಇದು ನಿಜವಾದರೆ ಮಗಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಸುಳ್ಳಾದರೆ ನಮ್ಮ ಜಗದ್ಗುರುಗಳನ್ನು ಏನೆನ್ನಲಿ?" ಎಂದರು.

ಆ ತುಣುಕಿನಲ್ಲಿದ್ದುದು ಆ ತಿಂಗಳ 13ರಂದು ಸಿಂಗಪುರದಲ್ಲಿ ನಾನಾ ಮತಗಳ ತರುಣರೆದುರಿಗೆ ಪೋಪ್ ಫ್ರಾನ್ಸಿಸರು ಆಡಿದ ಮಾತು. ಸಕಲ ಧರ್ಮಗಳೂ ದೇವರನ್ನು ಸೇರುವ ಮಾರ್ಗ, ಅಲ್ಲಿಗೆ ತಲಪಲು ಇರುವ ಬೇರೆ ಬೇರೆ ಭಾಷೆಗಳಂತೆ ಅವು, ದೇವರಾದರೋ ಎಲ್ಲರಿಗೂ ದೇವರೇ ಎಂಬುದು ಅದರ ಸಾರ. ಋಗ್ವೇದದ ಪ್ರಸಿದ್ಧ ಮಂತ್ರವೊಂದನ್ನು ಬಲ್ಲ ನಮ್ಮವರಿಗೆ ಇದು ಅಪೂರ್ವವೆನಿಸದು. ಆದರೆ ಕ್ರಿಸ್ತನೊಬ್ಬನೇ ರಕ್ಷಕನೆಂದು ನಂಬಿ ಬಾಳಿದ ಗೃಹಸ್ಥನಿಗೆ ಇದು ಎದೆಯನ್ನು ಅಲುಗಿಸುವ ಮಾತು. ರೋಮಿನ ಪೀಠವೇ 2000ದ ಆಗಸ್ಟ್ 6ರಂದು 'ದೋಮಿನುಸ್ ಯೇಸುಸ್' ಎಂಬ ಘೋಷಣೆಯಲ್ಲಿ, ಸಂವಾದದಲ್ಲಿ ಸಮಾನತೆಯು ವ್ಯಕ್ತಿಗಳ ಗೌರವಕ್ಕೆ ಸಲ್ಲುವುದೇ ಹೊರತು ಸಿದ್ಧಾಂತಗಳಿಗಲ್ಲವೆಂದು ಸ್ಪಷ್ಟವಾಗಿ ಸಾರಿತ್ತು. ಅದನ್ನು ನೆಚ್ಚಿದವರು ಇದನ್ನು ಕೇಳಿ ತಬ್ಬಿಬ್ಬಾದುದು ಸಹಜ.

ಮೊದಲು ಪಾಠಶುದ್ಧಿಯ ವಿಚಾರ. ಪೋಪರು ಸಿದ್ಧಪಡಿಸಿದ್ದ ಭಾಷಣವನ್ನು ಬದಿಗಿಟ್ಟು ಇಟಾಲಿಯನ್ ಭಾಷೆಯಲ್ಲಿ ಆಶುವಾಗಿ ಮಾತನಾಡಿದರು. ವ್ಯಾಟಿಕನ್ನಿನಿಂದ ಮೊದಲು ಹೊರಟ ಇಂಗ್ಲಿಷ್ ಅನುವಾದದಲ್ಲಿ ಧರ್ಮಗಳು ದೇವರನ್ನು ಸೇರಲು ಯತ್ನಿಸುವ ಮಾರ್ಗಗಳಾಗಿ ಕಾಣಲ್ಪಡುತ್ತವೆ ಎಂಬಂತೆ ಮಾತು ಮೆದುವಾಗಿತ್ತು; ಆ ಬಳಿಕ ಅದನ್ನು ಮೂಲಕ್ಕೆ ಸಮೀಪವಾಗಿ ತಿದ್ದಿದರು. 'ಆಗಿವೆ' ಎಂಬುದಕ್ಕೂ 'ಕಾಣಲ್ಪಡುತ್ತವೆ' ಎಂಬುದಕ್ಕೂ ಇರುವ ಅಂತರವು ಅಲ್ಪವಲ್ಲ. ನಮ್ಮ ವ್ಯಾಖ್ಯಾನಕಾರರು ಪಾಠಾಂತರವಿದ್ದರೆ ಎರಡನ್ನೂ ತೋರಿಸಿ ತಮಗೆ ಸಮ್ಮತವಾದುದನ್ನು ಹೇಳುವರು. ಗುರುವಿನ ಮಾತನ್ನು ಸದ್ದಿಲ್ಲದೆ ಮೆದುಗೊಳಿಸುವುದು ಭಕ್ತಿಯೆನಿಸಬಹುದು, ಪ್ರಾಮಾಣಿಕತೆಯೆನಿಸದು. ಅದರಿಂದ ಶ್ರೀಸಾಮಾನ್ಯ ವಿಶ್ವಾಸಿಯ ಸಂದೇಹವು ಇಮ್ಮಡಿಯಾಯಿತೇ ಹೊರತು ತಗ್ಗಲಿಲ್ಲ.

ಎರಡನೆಯದು ವಾಕ್ಯದ ಬಲಾಬಲ. ಪೋಪರು ಆಡಿದುದೆಲ್ಲವೂ ಪ್ರಮಾದರಹಿತವೆಂಬುದು ಕ್ಯಾಥೊಲಿಕ ಸಿದ್ಧಾಂತವಲ್ಲ. 1870ರ ಮೊದಲನೆಯ ವ್ಯಾಟಿಕನ್ ಮಹಾಸಭೆಯು, ಸಮಸ್ತ ಧರ್ಮಸಭೆಯು ಅಂಗೀಕರಿಸಬೇಕಾದ ವಿಶ್ವಾಸವನ್ನೋ ನೀತಿಯನ್ನೋ ಪೀಠಸ್ಥರಾಗಿ ನಿರ್ಣಯಿಸಿ ಸಾರಿದಾಗ ಮಾತ್ರ ಆ ಗುಣವನ್ನು ಹೇಳಿತು. 1964ರಲ್ಲಿ ಎರಡನೆಯ ಮಹಾಸಭೆಯು, ಪೋಪರ ಇತರ ಬೋಧನೆಗಳ ಅಭಿಪ್ರಾಯವನ್ನು ಲೇಖ್ಯದ ಸ್ವರೂಪ, ಅದೇ ಬೋಧನೆಯ ಪುನರುಕ್ತಿ, ನುಡಿದ ರೀತಿ ಇವುಗಳಿಂದ ತಿಳಿಯಬೇಕೆಂದಿತು. ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಆರು ಲಿಂಗಗಳನ್ನು ಹೇಳುವ ನಮ್ಮವರಿಗೆ ಇದು ಪರಿಚಿತವಾದ ದಾರಿಯೇ. ಪುನರುಕ್ತಿಯೆಂಬುದು ನಮ್ಮ ಅಭ್ಯಾಸವಲ್ಲದೆ ಮತ್ತೇನು?

ಈ ಅಳತೆಗೋಲಿನಿಂದ ನೋಡಿದರೆ, ಆ ದಿನದ ಮಾತು ನಡೆದುದೆಲ್ಲ ತರುಣರು ಧೈರ್ಯವಾಗಿ ಸಂವಾದಮಾಡಬೇಕೆಂಬ ವಿಷಯವನ್ನು ಕುರಿತು. ನನ್ನ ಧರ್ಮವೇ ನಿನ್ನದಕ್ಕಿಂತ ಮೇಲೆಂದು ಜಗಳಕ್ಕೆ ನಿಂತರೆ ಎಲ್ಲಿಗೆ ಮುಟ್ಟೀತು ಎಂಬ ಪ್ರಶ್ನೆಯೂ ಅಲ್ಲಿಯೇ ಇದೆ. ಆದಕಾರಣ 'ಕಲಹಮಾಡದೆ ಮಾತನಾಡಿರಿ' ಎಂಬುದು ವಿಧಿ. ಮಾರ್ಗ, ಭಾಷೆಗಳ ಮಾತು ಅದನ್ನು ಪುಷ್ಟಿಗೊಳಿಸುವ ಅರ್ಥವಾದ. ಹೀಗೆಂದು ಹೇಳಿ ನಾನು ಮುಗಿಸಬಹುದಾಗಿತ್ತು. ಆದರೆ ಅದು ಪೂರ್ಣ ಸತ್ಯವಾಗದು. 2019ರ ಫೆಬ್ರುವರಿ 4ರಂದು ಅಬುಧಾಬಿಯಲ್ಲಿ ಪೋಪರು ಅಲ್ ಅಜ್ಹರಿನ ಇಮಾಮರೊಡನೆ ಸಹಿಮಾಡಿದ ಲೇಖ್ಯದಲ್ಲಿ, ಧರ್ಮಗಳ ನಾನಾತ್ವವೂ ದೇವರ ಸಂಕಲ್ಪವೆಂದಿದೆ. ಆದ್ದರಿಂದ ಅಭ್ಯಾಸವೂ ಕಾಣುತ್ತದೆ. ಸಿಂಗಪುರದ ವಾಕ್ಯವನ್ನು ಬಾಯಿತಪ್ಪೆಂದು ತಳ್ಳಿಹಾಕಲಾಗದು.

ಇನ್ನು ಉಪಮೆ. ಇಲ್ಲಿಯೇ ನನ್ನ ಆಕ್ಷೇಪಣೆ. ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ ಎಂಬ ನಾಲ್ಕು ಅಂಗಗಳಲ್ಲಿ ಸಾಧಾರಣಧರ್ಮವು ಇಲ್ಲಿ ಸ್ಫುಟವಾಗಿಲ್ಲ. ಧರ್ಮಗಳು ಯಾವ ಅಂಶದಲ್ಲಿ ಭಾಷೆಗಳನ್ನು ಹೋಲುತ್ತವೆ? ಮಾರ್ಗವು ಒಂದೆಡೆಗೆ ಒಯ್ಯುವುದು. ಭಾಷೆಯು ಒಯ್ಯುವುದಿಲ್ಲ, ನುಡಿಯುವುದು. ಎರಡು ಉಪಮಾನಗಳನ್ನು ಒಂದೇ ಉಸಿರಿನಲ್ಲಿ ಹೆಣೆದುದರಿಂದ ಕಾವ್ಯದಲ್ಲಿ ಸೊಗಸಾಗಬಹುದಾದುದು ಸಿದ್ಧಾಂತದಲ್ಲಿ ತೊಡಕಾಯಿತು.

ಮೇಲಾಗಿ, ಭಾಷೆಗಳು ಒಂದರ ಬದಲಿಗೆ ಒಂದು ಸಲ್ಲುವ ನಾಣ್ಯಗಳೆಂದು ದಂಡುಪ್ರದೇಶದಲ್ಲಿ ಯಾರು ಒಪ್ಪುವರು? 1963ರ ಮಹಾಸಭೆಯ ನಿರ್ಣಯವು ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಈ ಊರಿನ ಇಗರ್ಜಿಗಳಲ್ಲಿ ಕನ್ನಡಕ್ಕೆಷ್ಟು ಸ್ಥಾನ, ತಮಿಳಿಗೆಷ್ಟು, ಇಂಗ್ಲಿಷಿಗೆಷ್ಟು ಎಂದು ಎಷ್ಟು ವರ್ಷಗಳ ವ್ಯಾಜ್ಯ ನಡೆಯಿತು! ಒಬ್ಬನೇ ದೇವರನ್ನು ನಂಬಿದವರೇ ಪ್ರಾರ್ಥನೆಯ ನುಡಿಗಾಗಿ ಮನನೊಂದಿರುವರು. 1967ರಲ್ಲಿ ಈ ನಗರದಲ್ಲಿಯೇ ಅಮಲೋರ್ಪವದಾಸರು ಸ್ಥಾಪಿಸಿದ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವು ಬಲಿಪೂಜೆಗೆ ಭಾರತೀಯ ರೂಪವನ್ನು ಕೊಡಲೆಳಸಿತು. 1969ರಲ್ಲಿ ಅಂಜಲಿ, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ ರೋಮ್ ಅನುಮತಿಯಿತ್ತಿತು. ಆಗಲೂ ಕೆಲವು ಗೃಹಸ್ಥರು ಇದು ಹಿಂದೂಕರಣವೆಂದು ಖಂಡಿಸಿದರು. ನುಡಿ ಬದಲಾದರೆ ನುಡಿದುದೂ ಬದಲಾದೀತೆಂಬುದು ಅವರ ಅಳುಕು. ಅದನ್ನು ಕೇವಲ ಮೌಢ್ಯವೆಂದು ನಾನು ನಗಲಾರೆ. ಒಂದು ಶ್ಲೋಕವನ್ನು ಅನುವಾದಿಸಿ ನೋಡಿದವನಿಗೆ ಅದರ ಸತ್ಯ ತಿಳಿದಿದೆ.

ಇಷ್ಟನ್ನು ಕೇಳಿದ ಮೇಲೆ ಮಿತ್ರರು, "ಹಾಗಾದರೆ ನಾನು ಮಾಡಿದುದು ಸರಿಯೇ?" ಎಂದರು. ಅಲ್ಲವೆಂದೆನು. ಸಿಂಗಪುರದ ವಾಕ್ಯವಿಲ್ಲದಿದ್ದರೂ ಸರಿಯಲ್ಲ. ಅವರ ಧರ್ಮಸಭೆಯ ಶಾಸನವೇ ಅನ್ಯಮತೀಯರೊಡನೆ ವಿವಾಹಕ್ಕೆ ಧರ್ಮಾಧ್ಯಕ್ಷರ ವಿನಾಯಿತಿಯ ದಾರಿಯನ್ನು ಇಟ್ಟಿದೆ. ಮಗಳ ಮನೆಗೆ ಹೋಗಬಾರದೆಂದು ಯಾವ ಮಹಾಸಭೆಯೂ ವಿಧಿಸಿಲ್ಲ. ಹಳೆಯ ಬೋಧನೆಯಲ್ಲಿಲ್ಲದ ಕಾಠಿಣ್ಯವನ್ನು ಅದರ ಹೆಸರಿನಲ್ಲಿ ನಡೆಸಿದವರು ಅವರೇ. ಹೊಸ ಮಾತನ್ನು ಕೇಳಿ, ಇಷ್ಟುಕಾಲ ನಂಬಿದುದೆಲ್ಲ ವ್ಯರ್ಥವಾಯಿತೆಂದು ಕುಸಿಯುವುದೂ ಅದೇ ಬಗೆಯ ದುಡುಕು.

ಆ ವಾಕ್ಯವನ್ನು ನುಡಿದವರು 2025ರ ಏಪ್ರಿಲ್ 21ರಂದು ಕಾಲವಾದರು. ತಾತ್ಪರ್ಯವನ್ನು ಅವರನ್ನೇ ಕೇಳುವಂತಿಲ್ಲ. ಪೀಠವೇರಿದ ಹದಿನಾಲ್ಕನೆಯ ಲಿಯೋ ಅವರ ಮಾತುಗಳನ್ನೂ ವೃತ್ತಪತ್ರಿಕೆಗಳು ತುಣುಕುತುಣುಕಾಗಿಯೇ ಒದಗಿಸುವುವು. ಆದುದರಿಂದ ಪ್ರಕರಣವರಿತು ಓದುವ ಶ್ರಮವು ಗೃಹಸ್ಥನ ಮೇಲೆಯೇ ಬೀಳುತ್ತದೆ. ಅದು ನಮ್ಮ ಮಠಗಳ ಶಿಷ್ಯರಿಗೂ ಸಲ್ಲುವ ಮಾತು. ಮಿತ್ರರು ನನ್ನ ಅರ್ಥವಾದದ ವಾದವನ್ನು ಇಂದಿಗೂ ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಕಳೆದ ಕ್ರಿಸ್ಮಸ್ಸಿನಲ್ಲಿ ಕೃಷ್ಣರಾಜಪುರದಲ್ಲಿರುವ ಮಗಳ ಮನೆಗೆ ತಾವೇ ಹೋಗಿ ಉಂಡು ಬಂದರು. ತಾತ್ಪರ್ಯನಿರ್ಣಯದಲ್ಲಿ ಫಲವೂ ಒಂದು ಲಿಂಗವೆಂಬುದನ್ನು ವಾಚಕರು ಮರೆಯದಿರಲಿ.