ಲೋಕ ಅದಾಲತ್‌ನಲ್ಲಿ ಸಾಲದ ರಾಜಿ: ಒಂದು ವಿಮರ್ಶೆ

ಸಾಲ ವಸೂಲಿ, ಚೆಕ್ ಬೌನ್ಸ್‌ನಂಥ ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್‌ಗೆ ಶಾಸನದ ಬಲ ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿಂದ. ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ರಂದು. ನ್ಯಾಯಾಲಯದಲ್ಲಿರುವ ಪ್ರಕರಣಗಳಷ್ಟೇ ಅಲ್ಲ, ದಾವೆ ಹೂಡುವ ಮೊದಲೇ ಬ್ಯಾಂಕು, ಫೈನಾನ್ಸ್ ಕಂಪನಿಗಳು ತರುವ ಬಾಕಿಗಳೂ ಇಲ್ಲಿಗೆ ಬರುತ್ತವೆ.

ಸಾಲಗಾರನಿಗೆ ಇದರ ಅನುಕೂಲ ಸಣ್ಣದಲ್ಲ. ಅದಾಲತ್‌ಗೆ ಶುಲ್ಕವಿಲ್ಲ; ದಾವೆಗೆ ಕಟ್ಟಿದ ನ್ಯಾಯಾಲಯ ಶುಲ್ಕವೂ ರಾಜಿಯಾದರೆ ಹಿಂದಿರುಗುತ್ತದೆ. ಬಡ್ಡಿಯಲ್ಲಿ ರಿಯಾಯಿತಿ, ಕಂತಿಗೆ ಕಾಲಾವಕಾಶ ಕೇಳಲು ಅವಕಾಶವಿದೆ. ರಾಜಿ ಒಪ್ಪದಿದ್ದರೆ ಎದ್ದುಬರಬಹುದು. ಅದಾಲತ್‌ಗೆ ತೀರ್ಪು ಹೇರುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2008ರ ಜಲೌರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ತೊಡಕಿರುವುದು ಸಹಿಯ ನಂತರ. 21ನೇ ಕಲಮಿನಂತೆ ರಾಜಿಯ ಆದೇಶ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಉಳಿಯುವುದು ಹೈಕೋರ್ಟಿಗೆ ರಿಟ್ ಅರ್ಜಿ, ಅದೂ ಬಹಳ ಸೀಮಿತ ಕಾರಣಗಳಿಗೆ. ಚೆಕ್ ಬೌನ್ಸ್ ಪ್ರಕರಣದ ರಾಜಿಯನ್ನೂ ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಮಾಡಬಹುದೆಂದು 2011ರಲ್ಲಿ ತೀರ್ಮಾನವಾಗಿದೆ. ಆಧಾರವಿಲ್ಲದ ಕೈಸಾಲದ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ. ಆ ಅವಧಿ ಮೀರಿದ ಸಾಲಕ್ಕೂ ತಿಳಿಯದೆ ಸಹಿ ಹಾಕಿದವನು, ಅಮಲ್ಜಾರಿಗೆ 12 ವರ್ಷ ಅವಕಾಶವಿರುವ ಡಿಕ್ರಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಬ್ಯಾಂಕಿನ ಕಡೆ ಕುಳಿತವರಿಗೆ ಇದು ದಿನನಿತ್ಯದ ಲೆಕ್ಕ. ಎದುರು ಕುಳಿತವನಿಗೆ ಹಾಗಲ್ಲ.

ವಸೂಲಿಯ ಕಿರುಕುಳವೂ ಈ ಮೇಜಿನ ಮೇಲೆ ತೂಗುವುದಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಏಜೆಂಟರು ಸಾಲಗಾರರಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ನಿರ್ದೇಶಿಸಿತು. ಅದನ್ನು ಮೀರಿದವರ ಮೇಲಿನ ದೂರು ಮೊದಲು ಬ್ಯಾಂಕಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬೇಕು. ಅದಾಲತ್ ನೋಡುವುದು ಬಾಕಿಯ ಮೊತ್ತವನ್ನು.

ತಿಳಿಯದೆ ಸಹಿ ಹಾಕುವ ಸಾಲಗಾರನ ಕೊರತೆಗೆ ಮದ್ದು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. 12ನೇ ಕಲಮು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯ ಮಿತಿಯೊಳಗೆ ಉಚಿತ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಆದರೆ ರಾಜಿಗೆ ಸಹಿ ಬೀಳುವ ಮುನ್ನ ವಕೀಲರ ಸಲಹೆ ಕಡ್ಡಾಯವೆಂದು ಕಾಯ್ದೆ ಹೇಳುವುದಿಲ್ಲ. ಕಾಲಮಿತಿ ಮೀರಿದೆಯೇ, ಬಡ್ಡಿಯ ಲೆಕ್ಕ ಸರಿಯೇ, ಕಂತು ಕಟ್ಟಲು ಸಾಧ್ಯವೇ ಎಂಬ ಮೂರನ್ನು ಈ ಉಚಿತ ವಕೀಲರು ಮೊದಲೇ ಪರಿಶೀಲಿಸಿದರೆ, ಮೇಲ್ಮನವಿಯಿಲ್ಲದ ರಾಜಿ ಸಾಲಗಾರನಿಗೂ ನಿಜವಾದ ಬಿಡುಗಡೆಯಾದೀತು.