ವಿಜ್ಞಾನೇಶ್ವರನ ಸ್ವತ್ವವಿಚಾರ

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಹಿಂದೆ ಕಲ್ಯಾಣ ಚಾಲುಕ್ಯರ ರಾಜ್ಯಕ್ಕೆ ಒಳಪಟ್ಟಿದ್ದಿತು. ಆ ಅರಸರ ಆಶ್ರಯವನ್ನು ಪಡೆದ ಮುಧೋಳದ ರನ್ನನನ್ನು ನಮ್ಮ ವಿಮರ್ಶಕರು ಮರೆತಿಲ್ಲ. ಆದರೆ ಅದೇ ವಂಶದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ 'ಮಿತಾಕ್ಷರಾ'ವನ್ನು ರಚಿಸಿದ ವಿಜ್ಞಾನೇಶ್ವರನನ್ನು ಅವರು ವಕೀಲರಿಗೇ ಬಿಟ್ಟುಕೊಟ್ಟಂತಿದೆ. ಇದು ಉಚಿತವಲ್ಲ.

ಪದ್ಮನಾಭಭಟ್ಟನ ಮಗನಾದ ಈತನು ಪರಮಹಂಸ ಪರಿವ್ರಾಜಕನು. ಸರ್ವಸಂಗಪರಿತ್ಯಾಗಿಯೇ ಸೊತ್ತಿನ ಸ್ವರೂಪವನ್ನು ನಿರ್ಣಯಿಸಿದುದು ವಿಶೇಷವೇ ಸರಿ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ವ್ಯಾಖ್ಯಾನಿಸುತ್ತ ಸಾಲ, ನಿಕ್ಷೇಪ, ವರ್ತಕರು ಕೂಡಿ ನಡೆಯಿಸುವ ವ್ಯಾಪಾರದ ಲಾಭನಷ್ಟ ಇವೆಲ್ಲವನ್ನೂ ಆತನು ವಿಚಾರಿಸಿರುವನು. ಆದರೂ ಆತನ ಪ್ರತಿಭೆಯು ಪೂರ್ಣವಾಗಿ ಬೆಳಗುವುದು ದಾಯಪ್ರಕರಣದಲ್ಲಿ.

ಸ್ವತ್ವವು ಶಾಸ್ತ್ರದಿಂದ ಹುಟ್ಟುವುದೋ, ಲೋಕದಿಂದಲೋ? ಶಾಸ್ತ್ರವನ್ನೇ ಅರಿಯದ ಗಡಿನಾಡಿನ ಜನರೂ ಕೊಳ್ಳುವರು, ಮಾರುವರು. ಆದುದರಿಂದ ಸ್ವತ್ವವು ಲೌಕಿಕವೆಂದು ಆತನ ಸಿದ್ಧಾಂತ. ಶಾಸ್ತ್ರಕಾರನೊಬ್ಬನು ಶಾಸ್ತ್ರದ ಮೇರೆಯನ್ನು ತಾನೇ ಗುರುತಿಸಿದ ಧೈರ್ಯವಿದು. ಪಿತೃಗಳ ಸೊತ್ತಿನಲ್ಲಿ ಮಕ್ಕಳಿಗೆ ಜನ್ಮದಿಂದಲೇ ಹಕ್ಕೆಂಬ ನಿರ್ಣಯಕ್ಕೂ ಲೋಕಪ್ರಸಿದ್ಧಿಯೇ ಆತನಿಗೆ ಆಧಾರ.

ಇಲ್ಲಿಯೇ ಒಂದು ಆಕ್ಷೇಪವನ್ನೂ ಹೇಳಬೇಕಾಗಿದೆ. ಸಪಿಂಡ ಶಬ್ದದಲ್ಲಿ ಪಿಂಡವೆಂದರೆ ಶ್ರಾದ್ಧದ ಅನ್ನವಲ್ಲ, ದೇಹವೆಂದು ಆತನೇ ಅರ್ಥಮಾಡಿದನು. ದೇಹಸಂಬಂಧವು ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಹೀಗಿದ್ದರೂ ಜನ್ಮಸ್ವತ್ವವನ್ನು ಪುತ್ರಪೌತ್ರರಲ್ಲಿಯೇ ನಿಲ್ಲಿಸಿದುದು ಆತನ ತರ್ಕಕ್ಕೆ ಒಪ್ಪುವಂತಹದಲ್ಲ. ಅವಿವಾಹಿತ ಕನ್ಯೆಗೆ ಸಲ್ಲುವ ಚತುರ್ಥಾಂಶವು ಬರಿಯ ಮದುವೆಯ ವೆಚ್ಚವಲ್ಲ, ನಿಜವಾದ ಪಾಲೆಂದು ಸಾಧಿಸಿದವನೂ, ಸ್ತ್ರೀಧನದ ಅರ್ಥವನ್ನು ವಿಸ್ತರಿಸಿದವನೂ ಆತನೇ ಎಂಬುದರಿಂದ ಈ ಕೊರತೆಯು ಇನ್ನೂ ಎದ್ದುಕಾಣುತ್ತದೆ.

1810ರಲ್ಲಿ ಕೋಲ್‌ಬ್ರೂಕನು ದಾಯಭಾಗವನ್ನು ಇಂಗ್ಲಿಷಿಗೆ ತಂದ ಬಳಿಕ ನ್ಯಾಯಾಲಯಗಳು ನಿರ್ಣಯಗಳನ್ನು ಹಿಡಿದುವೇ ಹೊರತು ವಾದದ ಉಸಿರನ್ನು ಹಿಡಿಯಲಿಲ್ಲ. ಸ್ತ್ರೀಧನದ ವಿಸ್ತಾರವನ್ನು ಪ್ರಿವಿ ಕೌನ್ಸಿಲು ಒಪ್ಪದೆಹೋಯಿತು. 2005ರ ತಿದ್ದುಪಡಿಯಿಂದ ಮಗಳಿಗೂ ಜನ್ಮದಿಂದಲೇ ಹಕ್ಕು ದೊರೆಯಿತು. ಇದರಿಂದ ಮಿತಾಕ್ಷರಾಪದ್ಧತಿಯ ಬೇರು ಕಡಿಯಿತೆಂದು ಹೇಳಬಹುದೇ? ನಮಗೆ ಹಾಗೆ ತೋರುವುದಿಲ್ಲ. ಜನ್ಮವೇ ಕಾರಣವೆಂದವನ ಮಾತನ್ನು ಕೊನೆಯವರೆಗೆ ನಡೆಯಿಸಿದಂತಾಯಿತು, ಅಷ್ಟೆ. ಪೂರ್ವಾಚಾರ್ಯರ ನಿರ್ಣಯವನ್ನು ಅವರ ಯುಕ್ತಿಯಿಂದಲೇ ಪರೀಕ್ಷಿಸುವುದು ಅವರಿಗೆ ತೋರುವ ಅನಾದರವಲ್ಲ. ವಿಜ್ಞಾನೇಶ್ವರನು ತನ್ನ ಪೂರ್ವಿಕರನ್ನು ಓದಿದ ರೀತಿಯೂ ಇದೇ.